ಹುಲ್ಲಿನ ನಷ್ಟಕ್ಕೆ ಬೆಲೆಯುಂಟೆ? - ಗಡಿನಾಡಿನ ಬರಗಾಲಗಳ ಒಂದು ಪಾಠ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಗಳ ಚರಿತ್ರೆಯನ್ನು ಹೇಳುವಾಗ ನಾವು ಸಂಸ್ಥಾನಗಳ ವಂಶಾವಳಿಯನ್ನೂ ಶಿಲಾಶಾಸನಗಳನ್ನೂ ನೆನೆಯುತ್ತೇವೆ. ಈ ಸೀಮೆಯ ಜೀವಾಳವಾದ ಹುಲ್ಲುಗಾವಲನ್ನು ಮರೆಯುತ್ತೇವೆ. ಖಿಲಾರಿ ಎತ್ತುಗಳಿಗೆ ಹೆಸರಾದ ನಾಡಿದು. ಜತ್ತ ತಾಲೂಕಿನ ಮಾಡಗ್ಯಾಳ ಗ್ರಾಮವು ಒಂದು ಕುರಿಯ ತಳಿಗೆ ತನ್ನ ಹೆಸರನ್ನೇ ಕೊಟ್ಟಿದೆ. ಇಲ್ಲಿ ಮಳೆ ಕೈಕೊಟ್ಟರೆ ಮೊದಲು ಅಳಿಯುವುದು ಹುಲ್ಲು, ಬಳಿಕ ದನ, ಕೊನೆಗೆ ಮನೆತನ. ಸರಕಾರದ ಪರಿಹಾರವು ಈ ಕ್ರಮವನ್ನು ಅರಿತು ನಡೆದಿದೆಯೇ ಎಂಬುದೇ ನಮ್ಮ ಪ್ರಶ್ನೆ.

1876-78ರ ಧಾತು-ಈಶ್ವರ ಕ್ಷಾಮದ ತರುವಾಯ ನೇಮಕವಾದ ಆಯೋಗವು 1880ರಲ್ಲಿ ವರದಿಯನ್ನೊಪ್ಪಿಸಿತು. ಅದರಿಂದ ಕ್ಷಾಮಸಂಹಿತೆಗಳು ಹುಟ್ಟಿದವು. ಅವುಗಳ ಮುಖ್ಯ ಲಕ್ಷ್ಯ ಮನುಷ್ಯರ ಪ್ರಾಣರಕ್ಷಣೆ. ದನಗಳಿಗಾಗಿ ಕಾದಿಟ್ಟ ಅಡವಿಗಳನ್ನು ಮೇವಿಗೆ ತೆರೆಯುವ ಏರ್ಪಾಡೂ ಇತ್ತು. ಆದರೆ ಅಡವಿಗಳನ್ನು ಹಾಗೆ ಕಾದಿಡಲು 1878ರ ಅರಣ್ಯ ಶಾಸನವನ್ನು ತಂದುದು ಅದೇ ಸರಕಾರ. 1884ರ ಕೃಷಿಕರ ಸಾಲದ ಶಾಸನದಂತೆ ಬೀಜಕ್ಕೂ ದನಕ್ಕೂ ತಗಾವಿ ದೊರೆಯತೊಡಗಿತು. ತಗಾವಿಯೆಂದರೆ ಸಾಲ, ತೀರಿಸಲೇಬೇಕಾದುದು. ಒಣಗಿದ ಹುಲ್ಲಿಗೆ ಪರಿಹಾರವೆಂಬ ವಿಚಾರವೇ ಆಗ ಮೂಡಿರಲಿಲ್ಲ.

1948ರಲ್ಲಿ ಜತ್ತ, ಅಕ್ಕಲಕೋಟ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1960ರಲ್ಲಿ ಈ ಸೀಮೆ ಮಹಾರಾಷ್ಟ್ರದ ಪಾಲಾಯಿತು. ಆಳುವ ಊರುಗಳು ಬದಲಾದವು, ಬರ ಬದಲಾಗಲಿಲ್ಲ. 1972ರ ಘೋರ ಬರದಲ್ಲಿ ಕೂಲಿಕಾಮಗಾರಿಗಳು ಅಸಂಖ್ಯ ಜನರನ್ನು ಬದುಕಿಸಿದವು. ಆ ಅನುಭವದಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಬೆಳೆಯಿತು. ದನಗಳ ಪಾಲಿಗೆ ಉಳಿದುದು ಚಾರಾ ಛಾವಣಿ. 2018-19ರ ಬರದಲ್ಲಿ ಸಾಂಗಲಿ, ಸೊಲ್ಲಾಪುರ ಜಿಲ್ಲೆಗಳಲ್ಲಿಯೂ ಇಂಥ ಛಾವಣಿಗಳು ತೆರೆದವು. 2015-20ರ ಅವಧಿಯ ಕೇಂದ್ರದ ನಿಯಮದಂತೆ ದೊಡ್ಡ ಜಾನುವಾರಿಗೆ ದಿನಕ್ಕೆ 70 ರೂಪಾಯಿ, ಸಣ್ಣದಕ್ಕೆ 35. 2022-26ರ ನಿಯಮದಲ್ಲಿ ಅದು 80 ಮತ್ತು 45 ಆಯಿತು. ಛಾವಣಿಗಳಿಂದ ಎಷ್ಟೋ ದನಗಳು ಕಸಾಯಿಖಾನೆಯ ದಾರಿ ಹಿಡಿಯದೆ ಉಳಿದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಹಣ ಸಲ್ಲುವುದು ಛಾವಣಿ ನಡೆಸುವ ಸಂಸ್ಥೆಗೆ. ದನವನ್ನು ಅಲ್ಲಿ ತಂದು ಕಟ್ಟಿದವನಿಗಷ್ಟೇ ಅದರ ಪ್ರಯೋಜನ. ಮೇವನ್ನರಸಿ ಹಿಂಡಿನೊಡನೆ ಊರೂರು ಅಲೆಯುವ ಕುರುಬನು ಛಾವಣಿಯಲ್ಲಿ ನಿಲ್ಲುವವನಲ್ಲ.

ಅಮೆರಿಕಾ ದೇಶದಲ್ಲಿ ಬೇರೊಂದು ದಾರಿಯನ್ನು ಹಿಡಿದಿದ್ದಾರೆ. ಅಲ್ಲಿ 2008ರ ಕೃಷಿ ಶಾಸನವು ಹುಲ್ಲುಗಾವಲಿನ ನಷ್ಟಕ್ಕೇ ಪರಿಹಾರವನ್ನು ವಿಧಿಸಿತು. 2014ರ ಶಾಸನವು ಅದನ್ನು ಕಾಯಂಗೊಳಿಸಿತು. 1999ರಿಂದ ವಾರವಾರವೂ ಪ್ರಕಟವಾಗುತ್ತಿರುವ ಬರದ ನಕಾಶೆಯೇ ಅದಕ್ಕೆ ಪ್ರಮಾಣ. 2014ರ ಶಾಸನದಂತೆ, 2025ರಲ್ಲಿ ನಿಯಮ ಬದಲಾಗುವವರೆಗೆ, ಮೇಯುವ ಕಾಲದಲ್ಲಿ ಎಂಟು ವಾರ ಎಡೆಬಿಡದೆ ತೀವ್ರ ಬರವಿದ್ದರೆ ಒಂದು ತಿಂಗಳ ಹಣ ಸಲ್ಲುತ್ತಿತ್ತು. ಬರ ಬಲಿತಷ್ಟೂ ತಿಂಗಳುಗಳು ಹೆಚ್ಚುವವು. ತಿಂಗಳ ಮೇವಿನ ವೆಚ್ಚದಲ್ಲಿ ಹೆಚ್ಚೆಂದರೆ ನೂರಕ್ಕೆ 60ರಷ್ಟು ನೇರವಾಗಿ ದನದ ಒಡೆಯನಿಗೆ ಸಲ್ಲುತ್ತದೆ. ದನ ಸಾಯುವವರೆಗೆ ಕಾಯಬೇಕಾಗಿಲ್ಲ.

ಆ ಪದ್ಧತಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಅಲ್ಲಿ ಸ್ವಂತದ ಇಲ್ಲವೆ ಗೇಣಿಯ ಗಾವಲು ಇರಬೇಕು. ನಮ್ಮ ಕುರುಬನಿಗೆ ಇರುವುದು ಪರರ ಹೊಲದ ಕೂಳೆ ಮತ್ತು ಊರ ಗಾಯರಾಣ. ಆದರೂ ಅದರ ತಿರುಳು ಗ್ರಾಹ್ಯವಾದುದು: ನಷ್ಟವನ್ನು ಹುಲ್ಲು ಒಣಗಿದ ದಿನದಿಂದ ಎಣಿಸಬೇಕು, ಹಣವು ಹಿಂಡಿನ ಒಡೆಯನ ಕೈ ಸೇರಬೇಕು. ಹಿಂಡು ಗಡಿಯನ್ನು ದಾಟಿ ಮೇಯುತ್ತದೆ. ಪರಿಹಾರವೂ ಹಿಂಡಿನ ಜೊತೆಗೆ ದಾಟುವಂತಾಗಬೇಕು. ಎರಡೂ ರಾಜ್ಯಗಳ ಮುಂದೆ ಈ ಬೇಡಿಕೆಯನ್ನಿಡುವುದು ಗಡಿನಾಡಿನವರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.