ಯಾರು ಸಾರ್ವಭೌಮ?

ಸಾರ್ವಭೌಮ

'ಸಾರ್ವಭೌಮ ಸರ್ಕಾರ' ಎಂಬ ಮಾತು ಟೀವಿ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ರಾಜಕೀಯ ಚಿಂತಕ ರೂಸೋ ಇದನ್ನು ಖಂಡಿತ ಒಪ್ಪುತ್ತಿರಲಿಲ್ಲ.

ಸಂಸ್ಕೃತದ 'ಸರ್ವಭೂಮಿ'ಯಿಂದ ಹುಟ್ಟಿದ ಪದವಿದು. ಇಡೀ ಭೂಮಿಗೆ ಒಡೆಯ, ಅಂದರೆ ಚಕ್ರವರ್ತಿ, ಎಂಬುದು ಹಳೆಯ ಅರ್ಥ. ರಾಜ್‌ಕುಮಾರ್ ಅವರನ್ನು 'ನಟಸಾರ್ವಭೌಮ' ಎಂದು ಕರೆದದ್ದು ಆ ಹಳೆಯ ಅರ್ಥದ ಬಲದಿಂದಲೇ.

ರಾಜ್ಯಶಾಸ್ತ್ರದಲ್ಲಿ ಇದು ಇಂಗ್ಲಿಷಿನ 'ಸಾವರಿನ್'ಗೆ ಸಾಟಿಯಾಗಿ ನಿಂತಿದೆ. ಫ್ರೆಂಚ್ ಮೂಲಕ ಬಂದ ಆ ಪದದ ಬೇರು ಲ್ಯಾಟಿನ್ನಿನ 'ಸೂಪರ್', ಮೇಲೆ ಎಂದರ್ಥ. ನಮ್ಮ 'ಉಪರಿ' ಅದರ ದಾಯಾದಿ. 'ಸಾವರಿನ್'ನಲ್ಲಿ ಎತ್ತರ ಮುಖ್ಯ, 'ಸಾರ್ವಭೌಮ'ದಲ್ಲಿ ವಿಸ್ತಾರ.

1576ರಲ್ಲಿ ಫ್ರಾನ್ಸಿನ ಚಿಂತಕ ಬೋದಾಂ ಈ ಪರಮಾಧಿಕಾರವನ್ನು ಅರಸನ ಪರವಾಗಿ ವಿವರಿಸಿದ. 1762ರ 'ಸಾಮಾಜಿಕ ಒಪ್ಪಂದ' ಕೃತಿಯಲ್ಲಿ ರೂಸೋ ಅದನ್ನು ಜನಸಮುದಾಯದ ಕೈಗಿಟ್ಟ. ಎಂಥ ದೊಡ್ಡ ಪಲ್ಲಟವಿದು! ಆತನ ಪ್ರಕಾರ ಕಾನೂನು ಮಾಡುವ ಜನರೇ ಸಾರ್ವಭೌಮರು. ಸರ್ಕಾರ ಅವರು ನೇಮಿಸಿದ ಆಳು. ಈ ಅಧಿಕಾರವನ್ನು ಯಾರಿಗೂ ಪರಭಾರೆ ಮಾಡಲಾಗದು, ಪ್ರತಿನಿಧಿಗಳಿಗೂ ಸಹ. ಕಾನೂನಿನಂತೆ ನಡೆಯುವ ರಾಜ್ಯವನ್ನೆಲ್ಲ ಆತ ಗಣರಾಜ್ಯವೆಂದ, ಅರಸನಿದ್ದರೂ ಸರಿಯೆ. 1789ರ ಫ್ರೆಂಚ್ ಹಕ್ಕುಗಳ ಘೋಷಣೆಯ 3ನೇ ವಿಧಿ ರಾಷ್ಟ್ರವೇ ಸಾರ್ವಭೌಮತ್ವದ ಮೂಲ ಎಂದಿತು.

ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲೂ 'ಸಾರ್ವಭೌಮ' ಎಂಬುದು ಗಣರಾಜ್ಯದ ವಿಶೇಷಣ. ಸರ್ಕಾರಕ್ಕೆ 'ಚುನಾಯಿತ' ಎಂದರೆ ಸಾಕು.