ಮುಂದಿನ ಗೇಮ್ ಕನ್ಸೋಲ್ ಹೇಗಿರುತ್ತೆ? ಊಹಿಸುವ ಮುನ್ನ ಸಿಂಪ್ಯೂಟರ್ ನೆನಪಿರಲಿ

ನಿಂಟೆಂಡೊ ಕಂಪನಿಯ ಸ್ವಿಚ್ 2 ಬಿಡುಗಡೆಯಾಗಿದ್ದು 2025ರ ಜೂನ್ 5ರಂದು. ಕೈಯಲ್ಲಿ ಹಿಡಿದು ಆಡುವ ಇಂಥ ಕನ್ಸೋಲ್ ಒಂದು ಬಂದರೆ ಸಾಕು, ಅದರ ಮುಂದಿನದು ಹೇಗಿರುತ್ತೆ ಅನ್ನೋ ಲೆಕ್ಕಾಚಾರ ಶುರುವಾಗುತ್ತೆ. ಸ್ಕ್ರೀನ್ ಎಷ್ಟು ಇಂಚು, ಚಿಪ್ ಯಾವುದು, ಬ್ಯಾಟರಿ ಎಷ್ಟು ಹೊತ್ತು? ಆದರೆ ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯಲ್ಲಿ ಓದುತ್ತಿರುವ ಹುಡುಗಿಯೊಬ್ಬಳಿಗೆ ಅದು ಸಿಗುತ್ತಾ, ಅವಳ ಭಾಷೆಯಲ್ಲಿ ಮಾತಾಡುತ್ತಾ ಅನ್ನೋದು ಈ ಲೆಕ್ಕದಲ್ಲಿ ಬರೋದೇ ಇಲ್ಲ.

ಸಿಂಪ್ಯೂಟರ್ ಅಂದರೇನು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರ್‌ಗಳು ಸೇರಿ ರೂಪಿಸಿದ ಅಂಗೈಯಗಲದ ಕಂಪ್ಯೂಟರ್ ಇದು. ಇದಕ್ಕಾಗಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಹುಟ್ಟಿತು. ಲಿನಕ್ಸ್, ಟಚ್ ಸ್ಕ್ರೀನ್, ಬರೆದದ್ದನ್ನು ಕನ್ನಡದಲ್ಲೂ ಓದಿ ಹೇಳುವ ತಂತ್ರಾಂಶ ಎಲ್ಲವೂ ಇತ್ತು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲಿ ಅಂತ ಸ್ಮಾರ್ಟ್ ಕಾರ್ಡ್ ವ್ಯವಸ್ಥೆಯೂ ಇತ್ತು. 2004ರಲ್ಲಿ ಬಂದ ಅಮಿಡಾ ಮಾದರಿಯಲ್ಲಿ ಯಂತ್ರವನ್ನು ಓರೆ ಮಾಡಿದರೆ ಗುರುತಿಸುವ ಸೆನ್ಸರ್ ಕೂಡ ಬಂತು. ಐಫೋನ್ ಬಂದದ್ದು ಅದಾಗಿ ಮೂರು ವರ್ಷಕ್ಕೆ!

ಹಾಗಾದರೆ ಸೋತಿದ್ದು ಎಲ್ಲಿ?

ಫೀಚರ್ ವಿಚಾರದಲ್ಲಿ ಅವರ ಊಹೆ ಬಹುತೇಕ ನಿಜವಾಯ್ತು. ಆದರೆ 50,000 ಮಾರುವ ಗುರಿಯಿತ್ತು, 2005ರ ಹೊತ್ತಿಗೆ ಮಾರಾಟವಾಗಿದ್ದು ಸುಮಾರು 4,000. ಹತ್ತು ಸಾವಿರದ ಆಸುಪಾಸಿನ ಬೆಲೆ ಹಳ್ಳಿಯವರಿಗೆ ದುಬಾರಿಯಾಯ್ತು. ಅಷ್ಟರಲ್ಲಿ ಅಗ್ಗದ ಮೊಬೈಲ್ ಬಂದೇಬಿಟ್ಟಿತ್ತು.

ಕನ್ಸೋಲ್ ಇತಿಹಾಸವೂ ಇದನ್ನೇ ಹೇಳುತ್ತೆ. 1989ರ ಗೇಮ್ ಬಾಯ್‌ಗೆ ಬಣ್ಣವೇ ಇರಲಿಲ್ಲ, ನಾಲ್ಕು ಸೆಲ್ ಹಾಕಿದರೆ ಗಂಟೆಗಟ್ಟಲೆ ಓಡುತ್ತಿತ್ತು. ಮರುವರ್ಷ ಬಂದ ಸೆಗಾದ ಗೇಮ್ ಗಿಯರ್‌ಗೆ ಬಣ್ಣದ ಸ್ಕ್ರೀನ್ ಇತ್ತು, ಆದರೆ ಆರು ಸೆಲ್ ನುಂಗಿ ಬೇಗ ಮಲಗುತ್ತಿತ್ತು. ಗೆದ್ದಿದ್ದು ಗೇಮ್ ಬಾಯ್.

ಹಾಗಾದರೆ ಏನನ್ನು ಊಹಿಸಬಹುದು?

ಒಂದು, ಬ್ಯಾಟರಿ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ಕಾನೂನಿನ ಪ್ರಕಾರ, 2027ರ ಫೆಬ್ರವರಿ 18ರಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಕೊಂಡವರೇ ಬಿಚ್ಚಿ ಬದಲಿಸುವಂತಿರಬೇಕು (ಕೆಲವು ವಿನಾಯಿತಿಗಳಿವೆ). ಅಂದರೆ ಈ ಫೀಚರ್ ತೀರ್ಮಾನವಾಗಿದ್ದು ಕಾರ್ಖಾನೆಯಲ್ಲಲ್ಲ, ಸಂಸತ್ತಿನಲ್ಲಿ.

ಎರಡು, ಆಟದ ಒಡೆತನ. ಸ್ವಿಚ್ 2ರ ಕೆಲವು ಕಾರ್ಡ್‌ಗಳಲ್ಲಿ ಪೂರ್ತಿ ಆಟವೇ ಇರಲ್ಲ, ಬರೀ ಕೀಲಿ. ಆಟವನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಇದು ಹೆಚ್ಚಾದರೆ, ನೆಟ್‌ವರ್ಕ್ ಸರಿಯಿಲ್ಲದ ಊರುಗಳಲ್ಲಿ ದುಡ್ಡು ಕೊಟ್ಟರೂ ಆಟ ಕೈಗೆ ಬರಲ್ಲ.

ಮೂರು, ಬೆಲೆ. ಸ್ವಿಚ್ 2 ಅಮೆರಿಕದಲ್ಲಿ ಬಂದಿದ್ದೇ ಸುಮಾರು 450 ಡಾಲರ್‌ಗೆ. ಭಾರತದಲ್ಲಿ ಅದನ್ನು ಅಧಿಕೃತವಾಗಿ ಬಿಡುಗಡೆಯೇ ಮಾಡಲಿಲ್ಲ. ಇಲ್ಲಿ ಹೆಚ್ಚಿನವರ ಕನ್ಸೋಲ್ ಮೊಬೈಲೇ, ಮುಂದೆಯೂ ಅದೇ ಆಗಿರುತ್ತೆ.

ನಾಲ್ಕು, ಭಾಷೆ. ಸ್ವಿಚ್ 2ರ ಮೆನುವಿನಲ್ಲಿ ಕನ್ನಡವಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಯಂತ್ರವೊಂದು ಕನ್ನಡ ಓದುತ್ತಿತ್ತು ಅಂದಮೇಲೆ, ಇದಕ್ಕೆ ತಂತ್ರಜ್ಞಾನದ ಕೊರತೆ ಕಾರಣವಲ್ಲ. ಕೇಳುವವರು ಇಲ್ಲ, ಅಷ್ಟೇ.

ನಾವು ಕೇಳಬೇಕಾದ್ದೇನು?

ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿ ಕರ್ನಾಟಕ ಸರ್ಕಾರ 2024–29ರ ಎವಿಜಿಸಿ-ಎಕ್ಸ್‌ಆರ್ ನೀತಿ ತಂದಿದೆ. ಈ ನೀತಿಯಡಿ ಜನರ ತೆರಿಗೆ ಹಣದ ನೆರವು ಪಡೆಯುವ ಆಟಗಳಲ್ಲಿ ಕನ್ನಡ ಇರಲೇಬೇಕು ಅಂತ ಷರತ್ತು ಹಾಕಿ ಎಂದು ಕೇಳೋದು ದೊಡ್ಡ ಬೇಡಿಕೆಯೇನಲ್ಲ. ಐರೋಪ್ಯರು ಕಾನೂನು ಮಾಡಿ ಬ್ಯಾಟರಿ ಬದಲಿಸೋ ಹಕ್ಕು ಪಡೆದರು. ಗೋವಿನಕೋವಿಯ ಹುಡುಗಿಗೆ ಬೇಕಾದ ಫೀಚರ್ ಕೂಡ ಕೇಳಿದರೆ ಮಾತ್ರ ಬರುತ್ತೆ, ಊಹಿಸಿದರೆ ಬರಲ್ಲ.