ಕಲಬುರ್ಗಿ ಸೀಮೆಯ ಖಾನಾವಳಿ

ಕಲಬುರ್ಗಿ, ವಿಜಾಪುರ, ಧಾರವಾಡ ಪ್ರಾಂತಗಳಲ್ಲಿ ಹಣ ಕೊಟ್ಟು ಉಣ್ಣುವ ಮನೆಗೆ ಖಾನಾವಳಿಯೆಂದು ಹೆಸರು. ಮೈಸೂರು ಸೀಮೆಯವರು ಇಂಥದನ್ನು ಹೋಟೆಲೆಂದು ಕರೆದರು. ಖಾನಾವಳಿ ಶಬ್ದದ ಉತ್ತರಾರ್ಧವನ್ನು ಸಂಸ್ಕೃತದ ‘ಆವಳಿ’ಯೆಂದು ಗ್ರಹಿಸಿ, ಉಣ್ಣುವವರ ಸಾಲು, ಅಂದರೆ ಪಂಕ್ತಿ, ಎಂದು ಅರ್ಥಮಾಡುವುದು ಸುಲಭ. ಈ ಅರ್ಥವು ರಮ್ಯವಾಗಿದ್ದರೂ ನಿಲ್ಲಲಾರದು. ಮರಾಠಿಯಲ್ಲಿ ‘ಧುಣಾವಳ’ವೆಂದರೆ ಬಟ್ಟೆ ಒಗೆದುದಕ್ಕೆ ಕೊಡುವ ಕೂಲಿ, ‘ದಳಣಾವಳ’ವೆಂದರೆ ಬೀಸಿದುದಕ್ಕೆ ಕೊಡುವ ಕೂಲಿ, ‘ಲಿಹಿಣಾವಳ’ವೆಂದರೆ ಬರೆದುದಕ್ಕೆ ಕೊಡುವ ಕೂಲಿ. ‘ಖಾಣಾವಳ’ ಅಥವಾ ‘ಖಾನಾವಳ’ ಎಂಬುದೂ ಇದೇ ವರ್ಗದ ಶಬ್ದ. ಊಟದ ಬೆಲೆಯನ್ನು ಸೂಚಿಸುತ್ತಿದ್ದ ಮಾತು ತರುವಾಯ ಊಟದ ಮನೆಗೇ ಹೆಸರಾಗಿ, ಕನ್ನಡಕ್ಕೆ ಬರುವಾಗ ಇಕಾರಾಂತವಾಯಿತೆಂದು ತೋರುತ್ತದೆ. ಹೀಗೆ ಈ ಶಬ್ದದ ಬೇರಿನಲ್ಲಿರುವುದು ಬೆಲೆಯೇ ಹೊರತು ಪಂಕ್ತಿಯಲ್ಲ. ಆದರೆ ಪರಸ್ಥಳದವನಿಗೆ ಅನ್ನವಿಕ್ಕಿ ಬೆಲೆ ಕೇಳದಿರುವುದೇ ಧರ್ಮವೆಂದು ಎಣಿಸಿದ ಸೀಮೆಯಲ್ಲಿ ಇಂಥ ಹೆಸರಿನ ಸಂಸ್ಥೆ ನೆಲೆಗೊಂಡ ಬಗೆ ವಿಚಾರಾರ್ಹವಾಗಿದೆ.

ಊಟದ ವಿಷಯದಲ್ಲಿ ಈ ಭಾಗದ ವಾಙ್ಮಯ ಬಡವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೇ ಒಂದು ಪ್ರಕರಣವು ಮೀಸಲಾಗಿದೆ. ಕನ್ನಡದಲ್ಲಿ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವೂ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವೂ ಪಾಕವಿಧಾನವನ್ನು ಹೇಳುತ್ತವೆ. ಇವೆಲ್ಲ ಅಡಿಗೆಯ ಗ್ರಂಥಗಳೇ ಹೊರತು ಅಡಿಗೆಯ ಮಾರಾಟದ ಗ್ರಂಥಗಳಲ್ಲ. ಶಾಸನಗಳಲ್ಲಿ ಬರುವ ಊಟವಂತೂ ದತ್ತಿಯ ಊಟ. ಚಿತ್ತಾಪುರದ ಬಳಿಯ ನಾಗಾವಿಯ ೧೦೫೮ರ ಶಾಸನವು ಅಲ್ಲಿನ ಘಟಿಕಾಸ್ಥಾನದಲ್ಲಿ ವೇದಾಧ್ಯಯನ ಮಾಡುವ ೨೦೦ ಮಂದಿಗೂ ಶಾಸ್ತ್ರಾಧ್ಯಯನ ಮಾಡುವ ೫೦ ಮಂದಿಗೂ ಪೋಷಣೆಯ ಏರ್ಪಾಡನ್ನು ಹೇಳುತ್ತದೆ. ಓದುವವನು ಉಣ್ಣುವುದಕ್ಕೆ ಹಣ ತರಬೇಕೆಂಬ ಕಲ್ಪನೆಯೇ ಅಲ್ಲಿಲ್ಲ.

ಕಲ್ಯಾಣದ ಶರಣರು ಈ ದಾನಕ್ಕೆ ಬೇರೊಂದು ಅರ್ಥವನ್ನು ಕೊಟ್ಟರು. ದಾಸೋಹದಲ್ಲಿ ಕೊಡುವವನೇ ದಾಸ, ಉಣ್ಣುವವನು ಋಣಿಯಲ್ಲ. ಆ ಪರಂಪರೆ ಪುಸ್ತಕದಲ್ಲಿ ಮಾತ್ರ ಉಳಿದುದಲ್ಲ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರ್ಗಿಯಲ್ಲಿ ನೆಲಸಿ, ೧೮೨೨ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ದಾಸೋಹವು ಇಂದಿಗೂ ನಡೆಯುತ್ತಿದೆ. ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ದತ್ತಾತ್ರೇಯನೇ ಮಧ್ಯಾಹ್ನದಲ್ಲಿ ಭಿಕ್ಷೆಗೆ ಬರುವನೆಂಬ ನಂಬಿಕೆಯಿಂದ ಯಾತ್ರಿಕರು, ಧನಿಕರು ಸಹ, ಜೋಳಿಗೆ ಹಿಡಿದು ಮಧುಕರಿಯನ್ನು ಬೇಡುವರು. ಕಲಬುರ್ಗಿಯ ಬಂದೇ ನವಾಜರ (ಮರಣ ೧೪೨೨) ಮತ್ತು ಆಳಂದದ ಲಾಡ್ಲೆ ಮಶಾಯಖರ ದರ್ಗಾಗಳು ಪ್ರತಿನಿಧಿಸುವ ಸೂಫೀ ಸಂಪ್ರದಾಯದಲ್ಲಿ ಲಂಗರು ಒಂದು ಮುಖ್ಯ ಅಂಗ. ಹೀಗೆ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿಯೂ ಹಸಿದು ಬಂದವನಿಗೆ ತೆರೆದಿದ್ದ ಬಾಗಿಲು ದೇವರ ಹೆಸರಿನದೇ ಆಗಿತ್ತು.

ಅಡಿಗೆಯನ್ನು ಮಾರುವವರು ಪೂರ್ವದಲ್ಲಿ ಇರಲೇ ಇಲ್ಲವೆಂದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ನಗರದಲ್ಲಿ ಅನ್ನವನ್ನೂ ಬೆಂದ ಮಾಂಸವನ್ನೂ ಮಾರುವವರನ್ನು ಹೆಸರಿಸುತ್ತದೆ. ಮನುಸ್ಮೃತಿಯ ೧೦ನೆಯ ಅಧ್ಯಾಯವಾದರೋ, ಆಪತ್ಕಾಲದಲ್ಲಿ ವೈಶ್ಯವೃತ್ತಿಯನ್ನು ಹಿಡಿದವನು ಸಹ ಮಾರಬಾರದ ಪದಾರ್ಥಗಳಲ್ಲಿ ಕೃತಾನ್ನವನ್ನು, ಅಂದರೆ ಮಾಡಿದ ಅಡಿಗೆಯನ್ನು, ಸೇರಿಸಿದೆ. ವ್ಯಾಪಾರವಿತ್ತು, ಅದಕ್ಕೆ ಮರ್ಯಾದೆಯಿರಲಿಲ್ಲ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾದ ಉಪಾಹಾರಗೃಹದ ಮೊದಲ ಹೆಸರು ಬ್ರಾಹ್ಮಣ ಕಾಫಿ ಕ್ಲಬ್ಬು ಎಂದಿತ್ತು. ಮನುವು ನಿಷೇಧಿಸಿದ ವ್ಯಾಪಾರಕ್ಕೆ ಜಾತಿಯ ಹೆಸರೇ ಶುದ್ಧಿಯ ಭರವಸೆಯಾದುದು ಕಾಲದ ವೈಚಿತ್ರ್ಯವೆನ್ನಬೇಕು.

ಕಲಬುರ್ಗಿ ಸೀಮೆಯಲ್ಲಿ ಈ ಪರಿವರ್ತನೆಗೆ ದಾರಿ ಮಾಡಿದುದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ೧೮೬೦ರಲ್ಲಿ ಸೊಲ್ಲಾಪುರವನ್ನೂ, ಕಲಬುರ್ಗಿ ವಾಡಿಗಳ ಮೂಲಕ ೧೮೭೧ರಲ್ಲಿ ರಾಯಚೂರನ್ನೂ ಮುಟ್ಟಿತು. ೧೮೭೪ರಲ್ಲಿ ವಾಡಿಯಿಂದ ಹೈದರಾಬಾದಿಗೆ ಶಾಖೆ ಹೋಯಿತು. ಆ ಶತಮಾನದ ಕೊನೆಯ ಪಾದದಲ್ಲಿ ಸೊಲ್ಲಾಪುರದಲ್ಲಿಯೂ ಕಲಬುರ್ಗಿಯಲ್ಲಿಯೂ ನೂಲಿನ ಗಿರಣಿಗಳಾದುವು. ಅದಕ್ಕೆ ಮೊದಲು ಸರಸಂಬಾದಂಥ ಆಳಂದ ತಾಲೂಕಿನ ಹಳ್ಳಿಯಿಂದ ಪೇಟೆಗೆ ಹೊರಟವನ ಹೆಗಲಮೇಲೆ ಬುತ್ತಿಯಿರುತ್ತಿತ್ತು. ಒಣಗಿಸಿದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇಷ್ಟಿದ್ದರೆ ನಾಲ್ಕು ದಿನದ ಪ್ರಯಾಣಕ್ಕೆ ಸಾಕು. ಕಚೇರಿಯ ಕೆಲಸಕ್ಕೆ ಬಂದು ಮರಳುವವನಿಗೆ ಬುತ್ತಿ ಸಾಲುವುದು. ಗಿರಣಿಯಲ್ಲಿ ವರ್ಷಗಟ್ಟಲೆ ದುಡಿಯುವವನಿಗೆ ಸಾಲದು. ದಾಸೋಹವೂ ಯಾತ್ರಿಕನಿಗೆ, ಅತಿಥಿಗೆ ಏರ್ಪಟ್ಟುದು. ಸಂಬಳದಾರನು ದಿನಾಲು ಎರಡು ಹೊತ್ತು ಅಲ್ಲಿ ಕುಳಿತುಕೊಳ್ಳಲು ಸಂಕೋಚಪಡುವನು. ವಿದ್ಯಾರ್ಥಿಗಳ ವಾರಾನ್ನದಲ್ಲಿಯೂ ಇದೇ ಸಂಕೋಚ. ದಿನಕ್ಕೊಂದು ಮನೆಯ ಅನ್ನದ ಜೊತೆಗೆ ದಿನಕ್ಕೊಂದು ಮನೆಯ ಹಂಗು. ಖಾನಾವಳಿಯು ಹಣ ಕೇಳಿತು, ಹಂಗನ್ನು ತೆಗೆಯಿತು. ಇನ್ನೊಂದು ರೊಟ್ಟಿ ಹಾಕೆಂದು ದನಿಯೆತ್ತಿ ಕೇಳುವ ಅಧಿಕಾರವು ದಾಸೋಹದಲ್ಲಿ ಉಣ್ಣುವವನಿಗೆ ತತ್ತ್ವದಲ್ಲಿದ್ದರೂ ನಡೆಯಲ್ಲಿ ಬಂದುದು ಇಲ್ಲಿಯೇ.

ಖಾನಾವಳಿಯ ಊಟವು ಮನೆಯ ಊಟವೇ ಆಗಿರುವುದು ಅದರ ವಿಶೇಷ. ಉಡುಪಿಯವರ ಹೋಟೆಲುಗಳಲ್ಲಿ ಇಡ್ಲಿ, ದೋಸೆ, ಕಾಫಿಗಳು ಮುಖ್ಯ. ಬೆಳಗಿನ ಹೊತ್ತು ಬಂದು ಸ್ವಲ್ಪ ತಿಂದು ಹೋಗುವವನು ಅಲ್ಲಿಯ ಗಿರಾಕಿ. ಇಲ್ಲಿಯಾದರೋ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಯ, ಜುಣಕ, ಕಾಳುಪಲ್ಯ, ಹಿಂಡಿ, ಮೊಸರು, ಕೊನೆಗೆ ಅನ್ನ ಸಾರು: ಗೇಯುವವನ ಪೂರ್ತಿ ಊಟ. ಜೋಳದ ಹಿಟ್ಟಿಗೆ ಗೋದಿಯ ಜಿಗುಟಿಲ್ಲ. ಕುದಿಯುವ ಎಸರು ಹೊಯ್ದು ನಾದಿ, ಅಂಗೈಯಿಂದ ತಟ್ಟಿ, ಹೆಂಚಿಗೆ ಹಾಕಿ, ಮೇಲೆ ನೀರು ಸವರಿ ಸುಡಬೇಕು. ತಟ್ಟುವ ಕೈ ಪಳಗದಿದ್ದರೆ ಅಂಚು ಬಿರಿಯುತ್ತದೆ. ಈ ಕೈ ಹೆಂಗಸರದು. ದೋಸೆಯ ಹೋಟೆಲು ಗಂಡಸು ಅಡಿಗೆಯವರಿಂದ ನಡೆಯಿತು. ಖಾನಾವಳಿ ಹೆಂಗಸಿಲ್ಲದೆ ನಡೆಯಲಿಲ್ಲ. ಮುಂಬಯಿಯ ಗಿರಣಗಾಂವಿನಲ್ಲಿಯೂ ಕಾರ್ಮಿಕರಿಗೆ ತಿಂಗಳ ಲೆಕ್ಕದಮೇಲೆ ಊಟ ಹಾಕಿದವರು ಸ್ತ್ರೀಯರೇ. ಸಾಲಿಗರ ಬಡ್ಡಿಯಿಂದ ಅವರನ್ನು ಬಿಡಿಸಲು ೧೯೭೫ರಲ್ಲಿ ಪ್ರೇಮಾ ಪುರಾವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಹೋಟೆಲುಗಳ ಚರಿತ್ರೆಯನ್ನು ಬರೆಯುವವರು ಯಜಮಾನರ ಹೆಸರುಗಳನ್ನು ತಪ್ಪದೆ ಕೊಡುವರು. ತಟ್ಟಿದವರ ಹೆಸರುಗಳು ದೊರೆಯುವುದು ವಿರಳ.

ಇನ್ನು ಪಂಕ್ತಿಯ ಮಾತು. ಹಣವು ಎಲ್ಲರದೂ ಒಂದೇ ಆದುದರಿಂದ ಖಾನಾವಳಿಯಲ್ಲಿ ಸಾಲೂ ಒಂದೇ ಆಯಿತೆಂದು ಹೇಳುವುದು ಅವಸರವಾದೀತು. ಫಲಕದಮೇಲೆ ಲಿಂಗಾಯತ, ಬ್ರಾಹ್ಮಣ, ಮರಾಠಾ ಎಂಬ ವಿಶೇಷಣಗಳು ಬಂದುವು; ಮಾಂಸದ ಊಟಕ್ಕೆ ಸಾವಜಿಯವರ ಖಾನಾವಳಿಗಳು ಹುಬ್ಬಳ್ಳಿ ಗದಗುಗಳಲ್ಲಿ ಹೆಸರಾದುವು. ಇವು ಅಡಿಗೆಯ ಬಗೆಯನ್ನು ತಿಳಿಸುವಷ್ಟೇ ಉಣ್ಣುವವರ ಬಗೆಯನ್ನೂ ತಿಳಿಸುತ್ತಿದ್ದುವು. ಅಸ್ಪೃಶ್ಯರೆನಿಸಿದವರಿಗಂತೂ ಹಣವಿದ್ದರೂ ಒಳಗೆ ಎಡೆಯಿರಲಿಲ್ಲ. ಬೇರೆ ಬಟ್ಟಲು, ಹೊರಗಿನ ಜಗಲಿ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಲೆಳಸಿದ ಕಲ್ಯಾಣದ ನೆರೆಯಲ್ಲಿಯೇ ಹೀಗಾದುದನ್ನು ಮರೆಮಾಡಲಾಗದು. ಹೈದರಾಬಾದು ಸಂಸ್ಥಾನವು ೧೯೪೮ರ ಸೆಪ್ಟೆಂಬರಿನಲ್ಲಿ ಭಾರತಕ್ಕೆ ಸೇರಿತು. ೧೯೫೦ರ ಜನವರಿ ೨೬ರಿಂದ ಜಾರಿಗೆ ಬಂದ ಸಂವಿಧಾನದ ೧೫ನೆಯ ವಿಧಿಯು ಸಾರ್ವಜನಿಕ ಭೋಜನಗೃಹಗಳನ್ನೂ ಹೋಟೆಲುಗಳನ್ನೂ ಹೆಸರಿಸಿಯೇ, ಜಾತಿಯ ಕಾರಣದಿಂದ ಯಾರಿಗೂ ಪ್ರವೇಶವನ್ನು ತಡೆಯಬಾರದೆಂದು ವಿಧಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅದಕ್ಕೆ ಶಿಕ್ಷೆಯನ್ನು ಗೊತ್ತುಮಾಡಿತು. ಮೂಲಭೂತ ಹಕ್ಕುಗಳ ನಡುವೆ ಊಟದ ಮನೆಗೆ ಸ್ಥಾನವನ್ನು ಕೊಡಬೇಕಾಗಿ ಬಂದುದೇ ಸಮಸ್ಯೆಯ ಆಳವನ್ನು ತೋರಿಸುತ್ತದೆ.

೧೯೫೬ರಲ್ಲಿ ಕಲಬುರ್ಗಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಮೇಲೆ ನೌಕರಿ, ವಿದ್ಯಾಭ್ಯಾಸ, ಕಟ್ಟಡದ ಕೂಲಿಗಳಿಗಾಗಿ ಈ ಸೀಮೆಯ ಜನ ಬೆಂಗಳೂರಿನ ಕಡೆಗೂ ನಡೆದರು. ಅವರ ಹಿಂದೆ ಖಾನಾವಳಿಯೂ ನಡೆಯಿತು. ಹೋಟೆಲೆಂಬ ಮಾತನ್ನೇ ಬಳಸುತ್ತಿದ್ದ ಆ ನಗರದ ಫಲಕಗಳಲ್ಲಿ ‘ಉತ್ತರ ಕರ್ನಾಟಕದ ಖಾನಾವಳಿ’ ಎಂಬ ಬರೆಹ ಈಗ ಸಾಮಾನ್ಯ. ಜಾತಿಯ ವಿಶೇಷಣವಿದ್ದ ಎಡೆಯಲ್ಲಿ ಅಲ್ಲಿ ಸೀಮೆಯ ವಿಶೇಷಣವು ಕುಳಿತಿದೆ.